ಪರೀಕ್ಷಾ ಕೊಠಡಿಯಲ್ಲಿ ಕಳುವಾದ ಎರಡೂವರೆ ನಿಮಿಷ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ತನ್ನ ಸಮಯ ಕಳುವಾಗಿದೆ ಎಂದಾಗ ದಫೇದಾರರು ಪೆನ್ನು ಕೆಳಗಿಟ್ಟರು. ಅವರು ತಮ್ಮ ಸರ್ವೀಸಿನಲ್ಲಿ ಚಪ್ಪಲಿ ಕಳವಿನ ದೂರು ಬರೆದಿದ್ದರು, ಕೋಳಿ ಕಳವಿನ ದೂರು ಬರೆದಿದ್ದರು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕಳುವಾದದ್ದನ್ನೂ ಬರೆದು ಪತ್ತೆ ಹಚ್ಚಿ ಬೆನ್ನು ತಟ್ಟಿಸಿಕೊಂಡಿದ್ದರು. ಸಮಯ ಕಳುವಾಗಿದ್ದು ಇದೇ ಮೊದಲು.

"ಎಷ್ಟಮ್ಮಾ ಹೋಗಿದ್ದು?"

"ಸರಿಯಾಗಿ ಗೊತ್ತಿಲ್ಲ ಸರ್. ಎರಡೋ ಮೂರೋ ನಿಮಿಷ."

"ಯಾರ ಮೇಲೆ ಅನುಮಾನ?"

"ಕಂಪ್ಯೂಟರ್ ಮೇಲೆ."

ದಫೇದಾರರ ನಗು ಒಳಕೋಣೆಯವರೆಗೂ ಕೇಳಿಸಿತು. ದೂರು ಕೊಡಲು ಬಂದವರ ಮುಂದೆ ನಗುವುದೆಂದರೆ ಇನ್ಸ್‌ಪೆಕ್ಟರ್ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿದರು. ದಫೇದಾರರು ಪೆನ್ನು ಮತ್ತೆ ಕೈಗೆತ್ತಿಕೊಂಡರು. ಹೆಂಗಸನ್ನು ಒಳಗೆ ಕರೆದು ಕೂರಿಸಲಾಯಿತು.

ಅವಳದು ಔಷಧಿ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸ. ಹಿಂದಿನ ತಿಂಗಳು ಸರ್ಕಾರಿ ಗುಮಾಸ್ತರ ಹುದ್ದೆಗೆ ನಡೆದ ಬೆರಳಚ್ಚು ಪರೀಕ್ಷೆಗೆ ಕೂತಿದ್ದಳು. ಕೊಟ್ಟ ಪಠ್ಯವನ್ನು ಹತ್ತು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಟೈಪ್ ಮಾಡಬೇಕು. ಅಭ್ಯರ್ಥಿ ಮೊದಲ ಕೀ ಒತ್ತಿದಾಗ ಸಮಯ ಶುರುವಾಗುತ್ತದೆ, ಹತ್ತು ನಿಮಿಷ ಮುಗಿದ ಕೂಡಲೇ ಪರದೆ ತಾನಾಗಿ ಲಾಕ್ ಆಗುತ್ತದೆ. ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ.

"ಇಬ್ರೂ ಕಣ್ಣಲ್ಲೇ ಸನ್ನೆ ಮಾಡ್ಕೊಂಡು ಒಟ್ಟಿಗೇ ಶುರು ಮಾಡಿದ್ವಿ ಮೇಡಂ. ನನ್ನ ಪರದೆ ಲಾಕ್ ಆಯ್ತು. ತಿರುಗಿ ನೋಡಿದ್ರೆ ಅವಳಿನ್ನೂ ಟಕಟಕ ಅಂತ ಹೊಡೀತಾನೇ ಇದಾಳೆ. ನಾನು ಕೈ ಎತ್ತಿದೆ. ಸುಮ್ನೆ ಕೂತ್ಕೊಳ್ಳಿ ಅಂದ್ರು. ಅವಳು ಆಮೇಲೂ ಹೊಡೀತಾನೇ ಇದ್ಲು."

"ಗಡಿಯಾರ ನೋಡಿದ್ರಾ?"

"ವಾಚು ಮೊಬೈಲು ಎಲ್ಲ ಹೊರಗೇ ಇಡಿಸ್ಕೋತಾರೆ. ಗೋಡೆ ಮೇಲೂ ಗಡಿಯಾರ ಇಲ್ಲ."

"ಫಲಿತಾಂಶ?"

"ಅವಳು ಪಾಸು. ನಾನು ಒಂದು ಸಾಲಿನಲ್ಲಿ ಫೇಲು."

ಪರೀಕ್ಷಾ ಮಂಡಳಿಗೆ ಅವಳು ಅರ್ಜಿ ಕೊಟ್ಟಿದ್ದಳು. ವಿಚಾರಿಸುತ್ತೇವೆ ಎಂಬ ಒಂದು ಮಾತನ್ನೂ ಬರೆಯದೆ ಮಂಡಳಿಯವರು ಅವಳಿಗೇ ನೋಟೀಸು ಕಳಿಸಿದ್ದರು. ಆಧಾರವಿಲ್ಲದ ಆರೋಪ ಹೊರಿಸಿ ಮಂಡಳಿಯ ಹೆಸರು ಕೆಡಿಸಿದ್ದಕ್ಕೆ ನಿಮ್ಮನ್ನು ಮುಂದೆ ಯಾವ ಪರೀಕ್ಷೆಗೂ ಸೇರಿಸದಂತೆ ಏಕೆ ಕ್ರಮ ಕೈಗೊಳ್ಳಬಾರದು, ತಿಳಿಸಿ. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವಳಿಗೆ ಈ ವರ್ಷದ್ದೇ ಕಡೆಯ ಪರೀಕ್ಷೆ, ಮುಂದಿನದು ಎಂಬುದೇ ಇರಲಿಲ್ಲ. ಮನೆಯಲ್ಲಿ ಅತ್ತೆ, ಗಂಡ, ಮೈದುನ ಎಲ್ಲರೂ ಇದು ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿಯೂ ಆಗಿತ್ತು.

ಇನ್ಸ್‌ಪೆಕ್ಟರ್ ಆ ನೋಟೀಸನ್ನು ಎರಡು ಸಲ ಓದಿದರು. ಕೇಳಿದವರ ಬಾಯಿ ಮುಚ್ಚಿಸಲು ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಾರೆ, ಒಂದು ಪೂರ್ಣವಿರಾಮವೂ ತಪ್ಪಿಲ್ಲ! ದೂರಿಗೆ ಉತ್ತರ ಬರೆಯಲು ಮಾತ್ರ ಈ ಜನರಿಗೆ ಕೈ ಬರುವುದಿಲ್ಲ.

"ವಂಚನೆ ಅಂತ ಎಫ್‌ಐಆರ್ ಹಾಕಿ," ಎಂದರು ದಫೇದಾರರಿಗೆ. "ಆರೋಪಿ ಅಪರಿಚಿತ."

"ಮೇಡಂ, ಕಂಪ್ಯೂಟರ್..."

"ಅಪರಿಚಿತ ವ್ಯಕ್ತಿ ಅಂತ ಬರೀರಿ. ಕಂಪ್ಯೂಟರ್‌ಗೆ ಬೇಡಿ ತೊಡಿಸೋಕೆ ನಮ್ಮ ಹತ್ರ ಸೈಜ್ ಇಲ್ಲ."

ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಪರೀಕ್ಷಾ ಮಂಡಳಿಗೆ ಹೋದರು. ಪರೀಕ್ಷಾಧಿಕಾರಿಯದು ದೊಡ್ಡ ಮೇಜು, ಮೇಜಿನ ಗಾಜಿನ ಕೆಳಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೋ. ಹೊಸ ಪರೀಕ್ಷಾ ಕೊಠಡಿಯ ಉದ್ಘಾಟನೆಯದು. ಅಧಿಕಾರಿ ನಗುತ್ತಾ ಕಂಪ್ಯೂಟರಿನ ಮೇಲೆ ಕೈಯಿಟ್ಟಿದ್ದರು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಮೇಡಂ," ಎಂದರು ಅವರು. "ಫೇಲಾದೋರು ಹೇಳ್ತಾರೆ."

"ಪರೀಕ್ಷೆ ಹೇಗೆ ನಡೆಯುತ್ತೆ, ಹೇಳಿ."

ಅವರು ಹೇಳಿದ್ದಿಷ್ಟು. ಪರೀಕ್ಷೆಯ ತಂತ್ರಾಂಶ ಮೂವತ್ತು ವರ್ಷ ಹಳೆಯದು. ಬರೆದ ಮನುಷ್ಯ ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೆ ನಿಯಮಾವಳಿಯಲ್ಲಿ ಅದೇ ತಂತ್ರಾಂಶದ ಹೆಸರಿದೆ, ಬೇರೆಯದರಲ್ಲಿ ಪರೀಕ್ಷೆ ನಡೆಸಿದರೆ ಫಲಿತಾಂಶಕ್ಕೆ ಮಾನ್ಯತೆ ಇಲ್ಲ. ಅದು ಓಡುತ್ತಿದ್ದ ಹಳೆಯ ಕಂಪ್ಯೂಟರುಗಳೆಲ್ಲ ಒಂದೊಂದಾಗಿ ಕೆಟ್ಟು ಕೂತವು. ಹೊಸ ಕಂಪ್ಯೂಟರುಗಳಿಗೆ ಆ ಮುದಿ ತಂತ್ರಾಂಶದ ಭಾಷೆಯೇ ತಿಳಿಯದು. ಹಾಗಾಗಿ ಮೂರು ವರ್ಷದ ಹಿಂದೆ ಎಮ್ಯುಲೇಟರ್ ಹಾಕಿಸಿದರು. ಎಂದರೆ ಹೊಸ ಕಂಪ್ಯೂಟರಿನ ಒಳಗೆ ಹಳೆಯ ಕಂಪ್ಯೂಟರಿನ ವೇಷ ಕಟ್ಟುವ ಒಂದು ತಂತ್ರಾಂಶ. ಹಳೆಯದು ತಾನು ತನ್ನ ಹಳೆಯ ಮನೆಯಲ್ಲೇ ಇದ್ದೇನೆಂದುಕೊಂಡು ತನ್ನ ಪಾಡಿಗೆ ಕೆಲಸ ಮಾಡುತ್ತದೆ.

"ಹಾಕಿದ್ದು ಯಾರು?"

"ನಾನೇ ಹಾಕಿಸಿದ್ದು."

"ಕೈಯಾರೆ ಹಾಕಿದ್ದು?"

ಅಧಿಕಾರಿ ಬಾಗಿಲ ಕಡೆಗೆ ಕತ್ತು ಚಾಚಿದರು. "ಲೋ, ಬಾರೋ ಇಲ್ಲಿ. ಮೇಡಂಗೆ ಮೆಷಿನ್ ತೋರಿಸು."

ಬಂದವನು ನಲವತ್ತು ದಾಟಿದವನು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರು. ದಾಖಲೆಯಲ್ಲಿ ಅವನ ಹುದ್ದೆ ತಾತ್ಕಾಲಿಕ ಸಹಾಯಕ. ಅವನು ಅವರನ್ನು ಕೊಠಡಿಗೆ ಕರೆದೊಯ್ದು, ದೂರುದಾರಳು ಕೂತಿದ್ದ ಕಂಪ್ಯೂಟರನ್ನು ಚಾಲೂ ಮಾಡಿದ. ಕಪ್ಪು ಪರದೆ, ಹಸಿರು ಅಕ್ಷರ, ಮೂಲೆಯಲ್ಲಿ ಉಳಿದ ನಿಮಿಷಗಳ ಅಂಕಿ. ದಫೇದಾರರು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರು. ಪರದೆ ಲಾಕ್ ಆದಾಗ ನೋಡಿದರೆ ಹತ್ತು ನಿಮಿಷಕ್ಕೆ ಒಂದು ಸೆಕೆಂಡೂ ಹೆಚ್ಚು ಕಡಿಮೆ ಇರಲಿಲ್ಲ.

"ನೋಡಿದ್ರಾ?" ಎಂದರು ಪರೀಕ್ಷಾಧಿಕಾರಿ, ಗೆದ್ದ ದನಿಯಲ್ಲಿ.

ಇನ್ಸ್‌ಪೆಕ್ಟರ್ ಗೋಡೆ ನೋಡುತ್ತಿದ್ದರು. ಬಿಳಿ ಗೋಡೆಯ ನಡುವೆ ಒಂದು ಮೊಳೆ, ಅದರ ಸುತ್ತ ದುಂಡನೆಯ ಮಾಸಲು ಗುರುತು.

"ಇಲ್ಲಿ ಗಡಿಯಾರ ಇತ್ತಾ?"

"ಇತ್ತು. ಎರಡು ವರ್ಷದ ಹಿಂದೆ ಒಬ್ಬ ಅಭ್ಯರ್ಥಿ ಗಲಾಟೆ ಮಾಡಿದ. ಗೋಡೆ ಗಡಿಯಾರಕ್ಕೂ ಕಂಪ್ಯೂಟರ್‌ಗೂ ತಾಳೆ ಆಗ್ತಿಲ್ಲ ಅಂತ."

"ಅದಕ್ಕೆ?"

"ಗಡಿಯಾರ ತೆಗೆಸಿಬಿಟ್ಟೆ. ಆಮೇಲೆ ಯಾವ ತಕರಾರೂ ಬಂದಿಲ್ಲ."

ಇನ್ಸ್‌ಪೆಕ್ಟರ್ ಮತ್ತೊಮ್ಮೆ ಆ ಮೊಳೆಯ ಕಡೆ ನೋಡಿದರು. ಎರಡರಲ್ಲಿ ಯಾವುದು ತಪ್ಪೆಂದು ನೋಡುವ ಗೋಜಿಗೇ ಹೋಗದೆ, ಮಾತಾಡಲು ಬಾರದ ಗಡಿಯಾರವನ್ನೇ ಮೂಲೆಗೆ ಎಸೆದಿದ್ದ ಈ ಮಹಾನುಭಾವ, ಅದನ್ನು ತನ್ನ ಸಾಧನೆಯೆಂಬಂತೆ ಹೇಳಿಕೊಳ್ಳುತ್ತಿದ್ದ. ಆದರೆ ಸಿಟ್ಟು ಸಾಕ್ಷ್ಯವಾಗುವುದಿಲ್ಲ. ಅವರು ಹೊರಗೆ ಬಂದರು.

ಸಂಜೆ ವಾರಗಿತ್ತಿಯ ಹೇಳಿಕೆ ಪಡೆಯಲು ಅವರ ಮನೆಗೇ ಹೋದರು. ಎರಡು ಕೋಣೆಯ ಮನೆ, ಊಟದ ಮೇಜಿನ ತುದಿಯಲ್ಲಿ ಅಕ್ಷರ ಸವೆದ ಒಂದು ಕೀಬೋರ್ಡು. ಕೆಲಸದ ಆದೇಶ ಆಗಲೇ ಕೈಗೆ ಬಂದಿದ್ದ ಕಿರಿಯವಳು ಸೆರಗಿನ ಅಂಚು ತಿರುಚುತ್ತಾ ಗೋಡೆಗೊರಗಿ ನಿಂತಿದ್ದಳು. ದೂರುದಾರಳು ಅಡುಗೆಕೋಣೆಯಿಂದ ಹೊರಗೆ ಬರಲಿಲ್ಲ.

"ಇಬ್ಬರೂ ಒಟ್ಟಿಗೆ ಶುರು ಮಾಡಿದ್ರಾ?"

"ಇಲ್ಲ ಮೇಡಂ. ಅಕ್ಕ ಮೊದ್ಲೇ ಶುರು ಮಾಡಿದ್ಲು ಅನ್ಸುತ್ತೆ."

"ಅನ್ಸುತ್ತಾ, ನೋಡಿದ್ರಾ?"

"ಅನ್ಸುತ್ತೆ."

"ಶುರುವಾಗೋ ಮುಂಚೆ ಯಾರಾದ್ರೂ ನಿಮ್ಮ ಮೆಷಿನ್ ಹತ್ರ ಬಂದಿದ್ರಾ?"

"ಅಲ್ಲಿರೋ ಕಂಪ್ಯೂಟರ್ ಸರ್ ಬಂದು ಎಲ್ಲರ ಕೀಬೋರ್ಡೂ ನೋಡ್ತಾರೆ. ತುಂಬ ಒಳ್ಳೆಯವರು. ಅಷ್ಟು ಹೊತ್ತಾದ್ರೂ ಅವರದು ಊಟ ಆಗಿರಲಿಲ್ಲ ಪಾಪ. ಊಟ ಆಯ್ತಾ ಸರ್ ಅಂತ ಕೇಳಿದ್ದಕ್ಕೆ ನಕ್ಕರು."

ಹಿಂದಿನಿಂದ ಅತ್ತೆಯ ದನಿ ಬಂತು. "ದೊಡ್ಡವಳಿಗೆ ತಡ್ಕೊಳ್ಳೋಕೆ ಆಗ್ತಿಲ್ಲ, ಅಷ್ಟೇ. ಪೊಲೀಸ್ರನ್ನ ಮನೆ ಬಾಗಿಲಿಗೆ ತಂದ್ಲು."

ಅಡುಗೆಕೋಣೆಯಲ್ಲಿ ಪಾತ್ರೆಯೊಂದು ಜೋರಾಗಿ ಸದ್ದು ಮಾಡಿತು.

ಮೂರು ದಿನ ಪ್ರಕರಣ ನಿಂತಲ್ಲೇ ನಿಂತಿತು. ಮೇಲಧಿಕಾರಿ ಫೋನು ಮಾಡಿ, ಕೊಲೆ ಸುಲಿಗೆ ಎಲ್ಲ ಬಿಟ್ಟು ಟೈಪಿಂಗ್ ಪರೀಕ್ಷೆಯ ಹಿಂದೆ ಬಿದ್ದಿದ್ದೀರಂತಲ್ಲ ಎಂದು ವಿಚಾರಿಸಿದರು. ನೋಟೀಸಿಗೆ ಉತ್ತರ ಕೊಡಲು ದೂರುದಾರಳಿಗೆ ಉಳಿದಿದ್ದು ಆ ವಾರವೊಂದೇ.

ಭಾನುವಾರ ಇನ್ಸ್‌ಪೆಕ್ಟರ್ ಮನೆಯಲ್ಲಿದ್ದರು. ಅವರ ಗಂಡ ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು, ರಜೆಯ ಮೇಲೆ ಸೋಫಾದಲ್ಲಿ ಒಡ್ಡೋಲಗ ನಡೆಸುತ್ತಿದ್ದ. ಕಾಲೇಜಿನ ದಿನಗಳಲ್ಲಿ ಆಡುತ್ತಿದ್ದ ಕಾರು ಓಟದ ಆಟವೊಂದನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ಆಡಿಯೇ ತೀರುತ್ತೇನೆಂದು ವಾರದಿಂದ ಪಟ್ಟು ಹಿಡಿದು ಕೂತಿದ್ದ. ಮೊದಲೆರಡು ದಿನ ಪರದೆ ಕಪ್ಪಗೇ ಇತ್ತು. ಆಮೇಲೆ ಚಿತ್ರ ಬಂತು, ಸದ್ದು ಬರಲಿಲ್ಲ. ಸದ್ದು ಬಂದ ದಿನ ಕೀ ಒತ್ತಿದರೆ ಕಾರು ಎಡಕ್ಕೆ ಮಾತ್ರ ತಿರುಗುತ್ತಿತ್ತು.

"ಈಗ ಎಲ್ಲ ಸರಿಹೋಯ್ತು, ಬಾ ನೋಡು," ಎಂದು ಕರೆದ.

ಅವರು ಟೀ ಲೋಟ ಹಿಡಿದು ಪಕ್ಕದಲ್ಲಿ ಕೂತರು. ಆಟ ಶುರುವಾಯಿತು. ಕಾರು ಗುಂಡಿನಂತೆ ಹಾರಿ ಗೋಡೆಗೆ ಬಡಿಯಿತು. ಮತ್ತೆ ಶುರುವಾಯಿತು, ಮತ್ತೆ ಬಡಿಯಿತು.

"ಇದೇನ್ರೀ, ಬ್ರೇಕ್ ಇಲ್ವಾ ನಿಮ್ಮ ಗಾಡಿಗೆ? ಆಟದಲ್ಲೂ ಬೀಳ್ತಿದೀರಲ್ಲ."

"ಹಳೇ ಕಂಪ್ಯೂಟರ್ ನಿಧಾನ ಕಣೇ. ಆಟ ಬರೆದೋರು ಅದರ ನಿಧಾನವನ್ನೇ ಅಳತೆ ಮಾಡ್ಕೊಂಡಿದ್ರು. ಇಷ್ಟು ಲೆಕ್ಕ ಮುಗಿದ್ರೆ ಒಂದು ಸೆಕೆಂಡ್ ಅಂತ. ಈ ಎಮ್ಯುಲೇಟರ್ ಜಾಸ್ತಿ ವೇಗವಾಗಿ ಲೆಕ್ಕ ಮುಗಿಸುತ್ತೆ, ಅದಕ್ಕೆ ಆಟದ ಸೆಕೆಂಡು ಬೇಗ ಬೇಗ ಓಡುತ್ತೆ. ತಡಿ, ವೇಗ ಇಳಿಸ್ತೀನಿ."

ಅವನು ಎರಡು ಕೀಗಳನ್ನು ಒಟ್ಟಿಗೆ ನಾಲ್ಕಾರು ಸಲ ಒತ್ತಿದ. ಕಾರು ಸಭ್ಯವಾಗಿ ಓಡತೊಡಗಿತು. ಆಟದ ಮೂಲೆಯಲ್ಲಿದ್ದ ಗಡಿಯಾರವೂ ಅಷ್ಟೇ ಸಭ್ಯವಾಗಿ ಎಣಿಸತೊಡಗಿತು.

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟರು. "ಈಗ ಮಾಡಿದ್ರಲ್ಲ, ಇದು ಎಲ್ಲಾದ್ರೂ ಸೇವ್ ಆಗುತ್ತಾ?"

"ಇಲ್ಲ. ಮುಚ್ಚಿ ತೆರೆದ್ರೆ ಮತ್ತೆ ಮೊದಲಿನ ವೇಗವೇ."

"ಗುರುತು ಉಳಿಯಲ್ಲ?"

"ಎಂಥ ಗುರುತು? ಎರಡು ಕೀ ಒತ್ತಿದ್ದಕ್ಕೆ ಯಾರು ಪಹರೆ ಕಾಯ್ತಾರೆ?"

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸರು ಮತ್ತೆ ಪರೀಕ್ಷಾ ಕೊಠಡಿಯಲ್ಲಿದ್ದರು. ಈ ಸಲ ಜೊತೆಗೆ ಸೈಬರ್ ವಿಭಾಗದ ತಜ್ಞೆಯೂ ಇದ್ದಳು. ಪಂಚರಾಗಿ ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಒಬ್ಬ ನಿವೃತ್ತ ಲೈಬ್ರರಿಯನ್ ಅಮ್ಮನನ್ನೂ ಕರೆತರಲಾಗಿತ್ತು. ಪರೀಕ್ಷಾಧಿಕಾರಿ ಕೆಂಡಾಮಂಡಲವಾದರು. ಯಾರ ಅನುಮತಿ, ಯಾವ ಆದೇಶ, ನಾನು ಎಲ್ಲಿಯವರೆಗೂ ಹೋಗಬಲ್ಲೆ ಗೊತ್ತಾ ಎಂದರು. ಇನ್ಸ್‌ಪೆಕ್ಟರ್ ನ್ಯಾಯಾಲಯದ ಆದೇಶದ ಪ್ರತಿಯನ್ನು ಅವರ ಕೈಗಿತ್ತು ಕುರ್ಚಿ ತೋರಿಸಿದರು. ಸಹಾಯಕ ಅಂದು ಕೆಲಸಕ್ಕೆ ಬಂದಿರಲಿಲ್ಲ.

ಪಂಚರ ಸಮಕ್ಷಮದಲ್ಲಿ ತಜ್ಞೆ ಎಮ್ಯುಲೇಟರ್ ತೆರೆದು ವೇಗದ ಕೀಗಳನ್ನು ಒತ್ತಿದಳು. ದಫೇದಾರರು ಸ್ಟಾಪ್‌ವಾಚ್ ಹಿಡಿದರು. ಪರದೆ ಹತ್ತು ನಿಮಿಷ ಎಂದಾಗ ಕೈಯಲ್ಲಿದ್ದ ಗಡಿಯಾರ ಎಂಟನ್ನೂ ಮುಟ್ಟಿರಲಿಲ್ಲ. ಲೈಬ್ರರಿಯನ್ ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಂದ್ರೆ ಇದು ಎಲ್ಲರ ಎದುರಿಗೇ ಸಮಯ ಕಡಿಮೆ ಮಾಡುತ್ತೆ, ಯಾರಿಗೂ ಗೊತ್ತಾಗಲ್ಲ?" ಎಂದು ಕೇಳಿದರು.

"ಬರೀರಿ ದಫೇದಾರ್ರೇ," ಎಂದರು ಇನ್ಸ್‌ಪೆಕ್ಟರ್. "ಆಗುತ್ತೆ ಅನ್ನೋದು ಸಾಬೀತಾಯ್ತು. ಆಯ್ತಾ ಅನ್ನೋದು ಬಾಕಿ." ತಜ್ಞೆಯ ಕಡೆಗೆ ತಿರುಗಿದರು. "ದೂರು ಕೊಟ್ಟವಳು ಟೈಪ್ ಮಾಡಿದ್ದು ಎಲ್ಲಿದೆ?"

"ಪ್ರತಿಯೊಬ್ಬರದೂ ಒಂದೊಂದು ಫೈಲು ಮೇಡಂ. ಮೊದಲ ಕೀ ಒತ್ತಿದಾಗ ಫೈಲು ಹುಟ್ಟುತ್ತೆ, ಲಾಕ್ ಆದಾಗ ಮುಚ್ಚುತ್ತೆ."

"ಹುಟ್ಟಿದ ಹೊತ್ತು, ಮುಚ್ಚಿದ ಹೊತ್ತು ಬರೆದುಕೊಳ್ಳೋದು ಯಾರು? ಒಳಗಿನ ಹಳೇ ತಂತ್ರಾಂಶವಾ?"

ತಜ್ಞೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅಲ್ಲ ಮೇಡಂ. ಫೈಲು ಇರೋದು ಹೊರಗಿನ ಹೊಸ ಕಂಪ್ಯೂಟರ್‌ನಲ್ಲಿ. ಅದು ತನ್ನ ಗಡಿಯಾರ ನೋಡಿ ಬರ್ಕೊಳ್ಳುತ್ತೆ. ಅದರ ಗಡಿಯಾರಕ್ಕೆ ಯಾರೂ ಕೈ ಹಾಕಿಲ್ಲ."

ದೂರುದಾರಳ ಫೈಲು ಏಳೂವರೆ ನಿಮಿಷ ಬದುಕಿತ್ತು. ವಾರಗಿತ್ತಿಯದು ಹನ್ನೆರಡು ನಿಮಿಷ. ಎರಡೂ ಹುಟ್ಟಿದ್ದು ಒಂದೇ ಸೆಕೆಂಡಿನಲ್ಲಿ.

ದಫೇದಾರರು ಪಂಚನಾಮೆ ಬರೆಯುತ್ತಿದ್ದ ಕೈಯನ್ನು ನಿಲ್ಲಿಸಿ, "ಆವತ್ತು ನಾನು ನಗಬಾರ್ದಿತ್ತು ಮೇಡಂ," ಎಂದರು.

ಮೂರು ವರ್ಷದ ಫೈಲುಗಳನ್ನೆಲ್ಲ ಜಾಲಾಡಿದರು. ಬಹುಪಾಲು ಜನರಿಗೆ ಹತ್ತು ನಿಮಿಷ ಹತ್ತು ನಿಮಿಷವಾಗಿಯೇ ಸಿಕ್ಕಿತ್ತು. ಹದಿನೇಳು ಮಂದಿಗೆ ಕಡಿಮೆ, ಒಂಬತ್ತು ಮಂದಿಗೆ ಹೆಚ್ಚು. ದಫೇದಾರರು ಹೆಚ್ಚು ಸಿಕ್ಕವರ ಹಿಂದೆ ಲಂಚದ ಜಾಡು ಹಿಡಿದು ಹೊರಟರು, ಬರಿಗೈಯಲ್ಲಿ ಮರಳಿದರು. ನೆಂಟಸ್ತನವಿಲ್ಲ, ಶಿಫಾರಸಿಲ್ಲ, ಒಬ್ಬರಿಗೊಬ್ಬರ ಗುರುತಿಲ್ಲ. ಹಾಗಾದರೆ ಇವರನ್ನು ಆರಿಸಿದ್ದು ಯಾರು, ಯಾಕೆ? ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಕರೆಸಿ, ಪರೀಕ್ಷೆಯ ದಿನ ಕೀಬೋರ್ಡ್ ನೋಡಲು ಬಂದವನ ಬಗ್ಗೆ ಮಾತ್ರ ಕೇಳಿದರು.

ಸಮಯ ಕಡಿಮೆಯಾದವರಲ್ಲಿ ಒಬ್ಬ, ತನ್ನ ಬ್ಯಾಗು ಹೊರಗಿಟ್ಟು ಬಾ ಎಂದು ಅವನಿಗೆ ಹೇಳಿದ್ದ. ಇನ್ನೊಬ್ಬ, ಕುರ್ಚಿಯ ಧೂಳು ಒರೆಸೆಂದಿದ್ದ. ಒಬ್ಬಳಿಗೆ ಅವನು ಬಂದದ್ದೇ ನೆನಪಿಲ್ಲ, ಯಾರೋ ಅಟೆಂಡರ್ ಇರಬೇಕು ಎಂದಳು. ಹೆಚ್ಚು ಸಿಕ್ಕವರಲ್ಲಿ ಒಬ್ಬಾತ ಅವನಿಗೆ ಕೈ ಮುಗಿದಿದ್ದ, ಒಬ್ಬಳು ಅವನ ಮಕ್ಕಳ ಬಗ್ಗೆ ಕೇಳಿದ್ದಳು. ಕಡೆಗೆ ದೂರುದಾರಳನ್ನು ಕರೆಸಿದರು.

"ನೆನಪು ಮಾಡ್ಕೊಳ್ಳಿ. ಅವನಿಗೆ ಏನಂದ್ರಿ?"

ಅವಳು ತಲೆ ತಗ್ಗಿಸಿದಳು. "ಒಂದು ಕೀ ಸಿಕ್ಕಿಹಾಕೊಳ್ತಿತ್ತು ಮೇಡಂ. ಗಾಬರಿ ಆಗಿತ್ತು. ಅವರು ಮುಟ್ಟೋಕೆ ಬಂದ್ರು. ನೀನು ಬಿಡಪ್ಪ, ತಿಳಿದೋರನ್ನ ಕರಿ ಅಂದುಬಿಟ್ಟೆ." ತಲೆಯೆತ್ತಿ ಕೇಳಿದಳು, "ಅದಕ್ಕಾ?"

ಇನ್ಸ್‌ಪೆಕ್ಟರ್‌ಗೆ ರೋಷದಿಂದ ಕಣ್ಣು ಕೆಂಪಗಾಯಿತು. ಗಾಬರಿಯಲ್ಲಿ ಬಾಯಿತಪ್ಪಿ ಬಂದ ಒಂದು ಮಾತಿಗೆ ಒಂದು ಜೀವನದ ದಂಡ! ಅಂಗಡಿಯಿಂದ ದಣಿದು ಬಂದು, ಸವೆದ ಕೀಬೋರ್ಡಿನ ಮೇಲೆ ವರ್ಷಗಟ್ಟಲೆ ಬೆರಳು ಪಳಗಿಸಿದ್ದೆಲ್ಲ ಅವನ ಮರ್ಜಿಗೆ ಬಲಿ. ಯಾರು ಇವನಿಗೆ ಈ ನ್ಯಾಯಪೀಠ ಕೊಟ್ಟದ್ದು?

ಅದೇ ಮಧ್ಯಾಹ್ನ ವಾರಗಿತ್ತಿ ತಾನಾಗಿಯೇ ಠಾಣೆಗೆ ಬಂದಳು. ಹೇಳಿಕೆ ಬದಲಿಸಬೇಕು ಎಂದಳು.

"ಬದಲಿಸಿದ್ರೆ ನಿಮ್ಮ ಪಾಸೂ ರದ್ದಾಗುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ. ಇಬ್ರೂ ಒಟ್ಟಿಗೇ ಶುರು ಮಾಡಿದ್ದು. ಮನೇಲಿ ಇರೋದು ಒಂದೇ ಕೀಬೋರ್ಡು. ಸರತಿ ಮೇಲೆ ಕೂರ್ತಿದ್ವಿ. ಅಕ್ಕ ಯಾವತ್ತೂ ನನಗಿಂತ ಜೋರು. ನಾನು ಪಾಸಾಗಿ ಅವಳು ಫೇಲ್ ಅಂದಾಗ್ಲೇ ನನಗೆ ಅನುಮಾನ ಬಂದಿತ್ತು. ಸಂತೋಷ ಜಾಸ್ತಿ ಆಗಿತ್ತು, ಅನುಮಾನ ನುಂಗಿಕೊಂಡೆ."

ಅವಳು ಸಹಿ ಹಾಕಿದಳು. ಹೊರಗೆ ಬೆಂಚಿನ ಮೇಲೆ ಕಾದು ಕೂತಿದ್ದ ದೊಡ್ಡವಳು ಎದ್ದು ಅವಳ ಕೈಯಿಂದ ಚೀಲ ತೆಗೆದುಕೊಂಡಳು. ಇಬ್ಬರೂ ಒಂದೇ ಆಟೋದಲ್ಲಿ ಹೋದರು.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಪೊಲೀಸರು ಸಹಾಯಕನ ಬಾಡಿಗೆ ಮನೆಯ ಬಾಗಿಲು ತಟ್ಟಿದರು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಕೋಣೆಯ ತುಂಬ ಹಳೆಯ ಕಂಪ್ಯೂಟರುಗಳ ಅವಶೇಷಗಳು, ಒಂದೊಂದನ್ನೂ ಒರೆಸಿ ಜೋಡಿಸಿಟ್ಟಿದ್ದ. ಇನ್ಸ್‌ಪೆಕ್ಟರ್ ಬೈಯಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಕುರ್ಚಿ ಎಳೆದು ಕೂತರು.

"ನಮ್ಮ ಮನೆಯವರು ಎಮ್ಯುಲೇಟರ್ ಹಾಕೋಕೆ ವಾರ ಒದ್ದಾಡಿದ್ರು. ನಿಮಗೆ ಎಷ್ಟು ದಿನ ಹಿಡೀತು?"

ಅವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. "ನಾಲ್ಕು ತಿಂಗಳು ಮೇಡಂ. ಮೊದ್ಲು ಹಳೇ ಫ್ಲಾಪಿಗಳು ಓದ್ತಾನೇ ಇರ್ಲಿಲ್ಲ, ಬೂಸ್ಟು ಹಿಡಿದಿತ್ತು. ಒಂದೊಂದನ್ನೂ ತೊಳೆದು ಒಣಗಿಸಿ ನಕಲು ತೆಗೆದೆ. ಆಮೇಲೆ ಕೀಬೋರ್ಡು, ಒಂದು ಒತ್ತಿದ್ರೆ ಇನ್ನೊಂದು ಅಕ್ಷರ ಬರೋದು. ಅದು ಸರಿಹೋದ್ರೆ ಪ್ರಿಂಟ್ ಇಲ್ಲ."

"ಸಮಯ?"

"ಅದೇ ಕಷ್ಟ. ವೇಗ ಕೂದಲೆಳೆ ಜಾಸ್ತಿ ಆದ್ರೂ ನಿಮಿಷ ಕುಗ್ಗುತ್ತೆ. ಸ್ಟಾಪ್‌ವಾಚ್ ಇಟ್ಕೊಂಡು ಒಂದು ತಿಂಗಳು ಕೂತು ಹೊಂದಿಸಿದೆ."

"ವೇಗ ಬದಲಾದ್ರೆ ನಿಮಿಷ ಬದಲಾಗುತ್ತೆ ಅಂತ ಮಂಡಳಿಯಲ್ಲಿ ಇನ್ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ಸಾಹೇಬ್ರಿಗೆ ಆನ್ ಮಾಡೋಕೂ ಬರಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ಇನ್ಸ್‌ಪೆಕ್ಟರ್ ಹದಿನೇಳು ಫೈಲುಗಳ ಹೊತ್ತುಗಳನ್ನು ಅವನ ಮುಂದಿಟ್ಟರು. ಅವನು ಬಹಳ ಹೊತ್ತು ನೋಡಿದ.

"ಹೊರಗಿನ ಗಡಿಯಾರ," ಎಂದ ಕಡೆಗೆ. "ಅದರ ನೆನಪೇ ಬರ್ಲಿಲ್ಲ ನನಗೆ. ನಾನು ಯಾವಾಗ್ಲೂ ಒಳಗಿನದರಲ್ಲೇ ಇರ್ತೀನಿ ಮೇಡಂ."

"ಯಾಕೆ ಮಾಡಿದ್ರಿ?"

"ಏನು ಮಹಾ ಮಾಡಿದೆ? ಎರಡು ನಿಮಿಷ. ನನ್ನ ಆಯಸ್ಸೆಲ್ಲ ತಿಂದಿದಾರೆ ಅವರು."

"ಆಯಸ್ಸು ತಿಂದೋರು ದೊಡ್ಡ ಮೇಜಿನ ಹಿಂದೆ ಕೂತಿದ್ರಲ್ಲಪ್ಪ! ಅವರ ಒಂದು ನಿಮಿಷಾನಾದ್ರೂ ಮುಟ್ಟಿದ್ರಾ?" ಇನ್ಸ್‌ಪೆಕ್ಟರರ ದನಿ ಅವರಿಗೇ ತಿಳಿಯದಂತೆ ಏರಿತ್ತು. "ಅಂಗಡೀಲಿ ಬಿಲ್ ಹಾಕೋಳ ಹತ್ರ ಕಿತ್ಕೊಂಡ್ರಿ. ಬಸ್ಸಿನಲ್ಲಿ ನಿಂತ್ಕೊಂಡು ಬಂದೋರ ಹತ್ರ ಕಿತ್ಕೊಂಡ್ರಿ. ನಿಮಗಿಂತ ಮೆತ್ತಗಿರೋರನ್ನೇ ಹುಡುಕಿ ಹುಡುಕಿ ಕಿತ್ಕೊಂಡ್ರಿ."

ಅವನು ಎಂಟೂಮುಕ್ಕಾಲಿಗೆ ಬಂಧನದ ಮೆಮೊಗೆ ಸಹಿ ಹಾಕಿದ.

ಹೇಳಿಕೆಯಲ್ಲಿ ಅವನು ದಾಖಲಿಸಿದ್ದು ಹೀಗೆ. ಹನ್ನೊಂದು ವರ್ಷದಿಂದ ತಾತ್ಕಾಲಿಕ. ಎಮ್ಯುಲೇಟರ್ ಕೆಲಸ ಮಾಡಿದ ದಿನ ಸಂತೋಷದಲ್ಲಿ ಹೆಂಡತಿಗೆ ಫೋನು ಮಾಡಿ, ಇನ್ನು ಕೆಲಸ ಕಾಯಂ ಆಯಿತೆಂದೇ ತಿಳಿ ಎಂದಿದ್ದ. ಉದ್ಘಾಟನೆಯ ದಿನ ಪರೀಕ್ಷಾಧಿಕಾರಿ ಭಾಷಣ ಮಾಡಿದರು, ಇವನ ಹೆಸರು ಬರಲಿಲ್ಲ. ಫೋಟೋ ತೆಗೆಯುವಾಗ ಒಂದು ವೈರು ಸಡಿಲವಿತ್ತು, ಮೇಜಿನ ಹಿಂದೆ ಬಗ್ಗಿ ಅದನ್ನು ಹಿಡಿದುಕೊಂಡಿರು ಎಂದರು. ಪತ್ರಿಕೆಯಲ್ಲಿ ಅವನ ಬೆರಳುಗಳಷ್ಟೇ ಬಂದಿದ್ದವು. ಮುಂದಿನ ಪರೀಕ್ಷೆಯ ದಿನ ಅಭ್ಯರ್ಥಿಯೊಬ್ಬ ಅವನಿಗೆ ನೀರು ತಂದುಕೊಡು ಎಂದ. ಅವನು ತಂದುಕೊಟ್ಟ, ಕೀಬೋರ್ಡ್ ನೋಡುವ ನೆಪದಲ್ಲಿ ಎರಡು ಕೀ ಒತ್ತಿದ. ಆ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದು ಅವನೇ ಬರೆಸಿದ.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಪರೀಕ್ಷಾ ಕಂಪ್ಯೂಟರುಗಳ ಮೂಲ ಡಿಸ್ಕುಗಳೆಲ್ಲ ಸಾಕ್ಷ್ಯವಾಗಿ ನ್ಯಾಯಾಲಯ ಸೇರಿದ್ದವು. ಮರುಪರೀಕ್ಷೆಗೆ ಹೊಸ ಡಿಸ್ಕುಗಳ ಮೇಲೆ ಎಲ್ಲವನ್ನೂ ಮೊದಲಿನಿಂದ ಹೂಡಬೇಕಿತ್ತು. ಮಂಡಳಿಯವರು ಎಲ್ಲೆಲ್ಲಿಂದಲೋ ಜನ ಕರೆಸಿದರು. ಪರದೆ ಕಪ್ಪಗೇ ಇತ್ತು. ಸರಿ, ಮುಂದಿನ ವರ್ಷ ನೋಡೋಣ ಎಂದು ಮಂಡಳಿ ಕೈ ತೊಳೆದುಕೊಳ್ಳಲು ಹೊರಟಿತು.

ಇನ್ಸ್‌ಪೆಕ್ಟರ್ ಪರೀಕ್ಷಾಧಿಕಾರಿಗೆ ತಾವೇ ಫೋನು ಮಾಡಿದರು. "ಮುಂದಿನ ವರ್ಷ ಅಂದ್ರೆ ಆ ಹದಿನೇಳರಲ್ಲಿ ಎಷ್ಟೋ ಜನಕ್ಕೆ ವಯಸ್ಸು ಮೀರಿರುತ್ತೆ. ಮೊದಲ ಸಲ ಅವರ ಸಮಯ ಕದ್ದಿದ್ದು ಅವನು. ಎರಡನೇ ಸಲ ಕದಿಯೋರು ನೀವು. ಗಡಿಯಾರ ತೆಗೆಸಿದ್ದಕ್ಕೂ ದೋಷಾರೋಪ ಪಟ್ಟಿಯಲ್ಲಿ ಒಂದು ಪುಟ ಇಟ್ಟಿದೀನಿ."

"ಏನು ಮಾಡ್ಲಿ ಮೇಡಂ? ಯಾರಿಗೂ ಬರ್ತಿಲ್ಲ ಅದು."

"ಬರೋನು ನಮ್ಮ ಲಾಕಪ್‌ನಲ್ಲಿದಾನೆ. ಬಂದು ಕೇಳಿ."

ಮುಂದಿನ ವಾರದ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಪರೀಕ್ಷಾಧಿಕಾರಿ ಠಾಣೆಗೆ ಬಂದರು. ಲಾಕಪ್ಪಿನ ಸರಳುಗಳ ಮುಂದೆ ಕಾಗದ ಪೆನ್ನು ಹಿಡಿದು ನಿಂತರು. ಒಳಗಿದ್ದವನು ಗೋಡೆಗೆ ಒರಗಿ ಕೂತಿದ್ದ, ಏಳಲಿಲ್ಲ.

"ಲೋ," ಎಂದು ಶುರು ಮಾಡಿದರು ಅಧಿಕಾರಿ. ಅವನು ತಿರುಗಲಿಲ್ಲ. ಅಧಿಕಾರಿ ಸುತ್ತ ನೋಡಿದರು. ದಫೇದಾರರು ಮೇಲಿನ ಫ್ಯಾನು ನೋಡುತ್ತಿದ್ದರು. ಅಧಿಕಾರಿ ಗಂಟಲು ಸರಿಮಾಡಿಕೊಂಡರು.

"ಸರ್," ಎಂದರು. "ಸ್ವಲ್ಪ ಹೇಳ್ಕೊಡಿ ಸರ್."

ಅವನು ತಲೆಯೆತ್ತಿ ಅವರನ್ನು ನೋಡಿದ. ಅವನ ಮುಖದಲ್ಲಿ ಗೆಲುವಿರಲಿಲ್ಲ. ಎದ್ದು ಸರಳುಗಳ ಹತ್ತಿರ ಬಂದು, ಮೊದಲು ಫ್ಲಾಪಿಯ ನಕಲುಗಳನ್ನು ಯಾವ ಕ್ರಮದಲ್ಲಿ ಸೇರಿಸಬೇಕು ಎಂದು ಹೇಳತೊಡಗಿದ. ಅಧಿಕಾರಿ ಒಂದೊಂದಕ್ಕೂ ಸರಿ ಸರ್, ಆಯ್ತು ಸರ್ ಎನ್ನುತ್ತಾ ಬರೆದುಕೊಂಡರು.

ಇನ್ಸ್‌ಪೆಕ್ಟರ್‌ಗೆ ಅದನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನ ಈ ಒಂದು ಮಾತು ಆ ಬಾಯಿಂದ ಬಂದಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಬಂದಿರಲಿಲ್ಲವೆಂದು ಹದಿನೇಳು ಮನೆಗಳಿಗೆ ಬೆಂಕಿಯಿಟ್ಟವನ ಮೇಲೆ ಕನಿಕರವನ್ನಾದರೂ ಹೇಗೆ ಪಡುವುದು? ಇಬ್ಬರ ಮೇಲೂ ಸಮನಾಗಿ ಸಿಟ್ಟು ಬಂತು. ತಮ್ಮ ಕೋಣೆಗೆ ಬಂದು ದೂರುದಾರಳಿಗೆ ಫೋನು ಮಾಡಿದರು.

"ಮರುಪರೀಕ್ಷೆ ಇದೇ ತಿಂಗಳು. ನೋಟೀಸು ವಾಪಸ್ಸು ತಗೊಂಡಿದಾರೆ. ಗೋಡೆ ಮೇಲೆ ಗಡಿಯಾರ ಇರುತ್ತೆ. ಪೂರ್ತಿ ಹತ್ತು ನಿಮಿಷ."

ಆ ಕಡೆಯಿಂದ ಕೀಬೋರ್ಡಿನ ಟಕಟಕ ಕೇಳುತ್ತಿತ್ತು, ಯಾರೋ ಅಭ್ಯಾಸ ಮಾಡುತ್ತಿದ್ದರು. ಆಮೇಲೆ ಅದೂ ನಿಂತಿತು.

"ಅಷ್ಟು ಸಾಕು ಮೇಡಂ," ಎಂದಳು ಅವಳು.

ಹಿಂದಿನಿಂದ ಇನ್ನೊಂದು ದನಿ ಕೇಳಿತು. "ಅಕ್ಕ, ಕೇಳು. ನನಗೂ ಹತ್ತೇ ತಾನೇ?"